ಮದುವೆ ಚಪ್ಪರದಿಂದ ಎತ್ತಿಕೊಂಡು ಹೋದ ಕುರ್ಚಿಗಳ ಬಗ್ಗೆ

ಸಣ್ಣ ಉದ್ಯಮಗಳನ್ನು ದೊಡ್ಡದು ಮಾಡಲೆಂದೇ ನಮ್ಮ ಜಿಲ್ಲೆಗೆ ವರ್ಗವಾಗಿ ಬಂದಿರುವ ಮಾನ್ಯ ಅಧಿಕಾರಿಗಳೇ,

ಕಳೆದ ಸಂಕ್ರಾಂತಿಯ ನಂತರದ ತೈ ತಿಂಗಳ ಮುಹೂರ್ತದ ದಿನ ಬೆಳಿಗ್ಗೆ, ಕಂಬೈನಲ್ಲೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮದುವೆಗೆಂದು ನಾನು ಹಾಕಿಸಿದ್ದ ಕುರ್ಚಿಗಳನ್ನು ನಿಮ್ಮ ಕಚೇರಿಯವರು ಲಾರಿಗೆ ತುಂಬಿಕೊಂಡು ಹೋದರು. ನಿಮ್ಮ ಸಭೆಗೆ ಕುರ್ಚಿ ಇರಲಿಲ್ಲವಂತೆ. ಸಭೆ ಯಾವುದರ ಬಗ್ಗೆ ಎಂಬುದು ಓದುಗರಿಗೂ ತಿಳಿಯಲಿ: ಮದುವೆ, ಸಮಾರಂಭಗಳನ್ನು ನಡೆಸಿಕೊಡುವ ನನ್ನಂಥ ಸಣ್ಣ ಉದ್ಯಮಿಗಳನ್ನು ಮೇಲೆತ್ತುವುದು ಹೇಗೆ ಎಂಬುದರ ಬಗ್ಗೆ. ಎತ್ತುವ ಕೆಲಸವನ್ನು ನೀವು ಕುರ್ಚಿಗಳಿಂದಲೇ ಶುರುಮಾಡಿದಿರಿ. ಅದರಿಂದ ಒಂದು ಮದುವೆಮನೆಯಲ್ಲಿ ಏನಾಯಿತು, ಆಮೇಲೆ ನನ್ನ ಕಸುಬಿಗೆ ಏನಾಯಿತು ಎಂಬುದು ನಿಮಗೆ ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳಬೇಕು ಎಂದು ನಿಮಗೆ ಅನ್ನಿಸಿದಂತೆಯೂ ಇಲ್ಲ. ಹಾಗಾಗಿ ನಾನೇ ಹೇಳುತ್ತೇನೆ.

ಇದನ್ನು ಕಚೇರಿಯಲ್ಲೇ ತಿಳಿಸಬಹುದಿತ್ತಲ್ಲ, ಊರಿಗೆಲ್ಲ ಕೇಳುವಂತೆ ಯಾಕೆ ಎಂದು ನೀವು ನೊಂದುಕೊಳ್ಳಬಹುದು. ತಮಿಳಿನಲ್ಲಿ ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ಮೊದಲನೆಯದಕ್ಕೆ ಮೊಹರು ಬಿತ್ತು, ಅಷ್ಟೇ. ಎರಡನೆಯದರಲ್ಲಿ ‘ಲಾರಿ’ ಎಂಬ ಪದ ಕಂಡದ್ದರಿಂದ ಅದನ್ನು ಸಾರಿಗೆಯವರಿಗೆ ಕಳಿಸಿದಿರಿ. ಅಲ್ಲಿಂದ ನನ್ನ ತಮ್ಮನ ಮಿನಿ ಲಾರಿಯ ಕಾಗದಪತ್ರ ತೋರಿಸಿ ಎಂದು ನೋಟಿಸು ಬಂತು. ಮೂರನೆಯ ಅರ್ಜಿಯಲ್ಲಿ ‘ಮದುವೆ’ ಎಂಬ ಪದ ನೋಡಿ ಅದನ್ನು ಇನ್ನೆಲ್ಲಿಗೆ ಕಳಿಸುತ್ತೀರೋ ಎಂಬ ಭಯದಿಂದ ಈ ಸಲ ಕನ್ನಡದಲ್ಲಿ, ಬಹಿರಂಗವಾಗಿ ಬರೆಯುತ್ತಿದ್ದೇನೆ. ಆನೇಕಲ್ಲಿನ ಅಜ್ಜಿಯ ಮನೆಯಲ್ಲಿದ್ದು ಹತ್ತನೆಯ ತರಗತಿಯವರೆಗೆ ಕಲಿತ ಕನ್ನಡ ಇದು. ಧರ್ಮಪುರಿ ಕಡೆಯ ನಮ್ಮವರಿಗೆ ಕನ್ನಡದ ಮಾತು ಬರುತ್ತದೆ, ಅಕ್ಷರ ಬರುವುದು ಕಡಿಮೆ. ನಿಮ್ಮ ಕಚೇರಿಯಲ್ಲಿ ಓದಬಲ್ಲವರು ಒಬ್ಬರಾದರೂ ಇದ್ದಾರು, ಅವರಿಂದ ಓದಿಸಿ ಕೇಳಿ. ನಿಮಗೆ ಬೇಸರವಾಗುವ ಕಡೆ ಅವರು ಮೆಲ್ಲಗೆ ದಾಟಿಸಿಬಿಡದಂತೆ ಸ್ವಲ್ಪ ಗಮನವಿಡಿ.

ನಲ್ಲಂಪಳ್ಳಿಯಲ್ಲಿ ನನ್ನದೊಂದು ಶೆಡ್ಡು ಇದೆ. ತಮ್ಮ ಪ್ರಭಾಕರನದು ಒಂದು ಮಿನಿ ಲಾರಿ. ಬೋರ್ಡಿನ ಮೇಲೆ ‘ಈವೆಂಟ್ ಪ್ಲಾನರ್ಸ್’ ಎಂದು ಬರೆಸಿದ್ದೇವೆ. ಚಪ್ಪರದವರು ಎಂದರೆ ಜನ ಚೌಕಾಸಿ ಮಾಡುತ್ತಾರೆ, ಈವೆಂಟ್ ಎಂದರೆ ಚೌಕಾಸಿ ಸ್ವಲ್ಪ ಕಡಿಮೆ. ಚಪ್ಪರ, ಕುರ್ಚಿ, ಹೂವಿನ ಅಲಂಕಾರ, ಲೈಟು, ಮೈಕು, ಅಡಿಗೆಯವರು, ಎಲ್ಲವೂ ನಮ್ಮ ಮೂಲಕ. ಈ ಕಸುಬಿನ ಕಷ್ಟ ನಿಮಗೆ ತಿಳಿಯದಿದ್ದರೆ ತಪ್ಪಿಲ್ಲ, ನೀವು ಅದರ ಮೇಲೆ ಸಭೆ ನಡೆಸಿದವರಷ್ಟೇ. ಊರಿನವರೆಲ್ಲ ಮದುವೆಯಾಗುವುದು ಅದೇ ಕೆಲವು ಮುಹೂರ್ತಗಳಲ್ಲಿ. ಆ ದಿನ ಮಲ್ಲಿಗೆಯ ಬೆಲೆ ಕೇಳಿದರೆ ಮದುಮಗಳ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಾನೆ. ಉಳಿದ ದಿನ ಕುರ್ಚಿಗಳು ಶೆಡ್ಡಿನಲ್ಲಿ ಮಲಗಿರುತ್ತವೆ, ಶೆಡ್ಡಿನ ಬಾಡಿಗೆ ಮಾತ್ರ ಮಲಗುವುದಿಲ್ಲ. ಧನುರ್ಮಾಸದ ಮಾರ್ಗಳಿಯಲ್ಲಿ ಮದುವೆಯಿಲ್ಲ, ಆಷಾಢದ ಆಡಿಯಲ್ಲಿ ಇಲ್ಲವೇ ಇಲ್ಲ. ದೊಡ್ಡ ಮಂಟಪಗಳು ಅಲಂಕಾರಕ್ಕೂ ಊಟಕ್ಕೂ ತಮ್ಮವರನ್ನೇ ಗೊತ್ತುಮಾಡಿಕೊಂಡಿವೆ, ನಾವು ಒಳಗೆ ಕಾಲಿಡುವಂತಿಲ್ಲ. ಗಿರಾಕಿಗಳು ಫೋನಿನಲ್ಲಿ ಚೆನ್ನೈಯ ಯಾವುದೋ ಶ್ರೀಮಂತರ ಮದುವೆ ತೋರಿಸಿ, ಇದೇ ಥರ ಬೇಕು, ಆದರೆ ನಮ್ಮ ಬಜೆಟ್‌ನಲ್ಲಿ ಎನ್ನುತ್ತಾರೆ. ಬ್ಯಾಂಕಿಗೆ ಹೋದರೆ, ಹಸು ಕೊಳ್ಳಿ ಸಾಲ ಕೊಡುತ್ತೇವೆ, ಕುರ್ಚಿಗೆ ಕೊಡುವುದಿಲ್ಲ ಎನ್ನುತ್ತಾರೆ. ಕುರ್ಚಿ ಹಾಲು ಕೊಡುವುದಿಲ್ಲವಲ್ಲ!

ಆದರೂ ನಾನು ನಿಮ್ಮ ಸಭೆಯ ಟೆಂಡರಿಗೆ ಅರ್ಜಿ ಹಾಕಿದ್ದೆ. ಸಣ್ಣ ಉದ್ಯಮಿಗಳ ಸಭೆ, ನಮ್ಮದೇ ನಲ್ಲಂಪಳ್ಳಿಯ ಮೈದಾನ, ಶೆಡ್ಡಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ. ನನ್ನನ್ನು ಬಿಟ್ಟು ಇನ್ಯಾರಿಗೆ ಕೊಡುತ್ತಾರೆ ಎಂದುಕೊಂಡಿದ್ದೆ. ನಿಮ್ಮ ಕಚೇರಿ ಅರ್ಜಿಯನ್ನು ತಿರಸ್ಕರಿಸಿತು. ಕಾರಣ, ನನ್ನ ವಾರ್ಷಿಕ ವಹಿವಾಟು ತೀರಾ ಸಣ್ಣದು! ಸಣ್ಣವರನ್ನು ಬೆಳೆಸುವ ಸಭೆಗೆ ಶಾಮಿಯಾನಾ ಹಾಕಲು ಸಣ್ಣವರು ಯೋಗ್ಯರಲ್ಲ ಎಂಬ ಈ ತತ್ವವನ್ನು ಎಷ್ಟು ಯೋಚಿಸಿದರೂ ನನ್ನ ತಲೆಗೆ ಹತ್ತಲಿಲ್ಲ. ಕೆಲಸ ಹೊರಗಿನ ಒಂದು ದೊಡ್ಡ ಕಂಪನಿಗೆ ಹೋಯಿತು. ಮುಹೂರ್ತದ ದಿನವೇ ಸಭೆ ಇಟ್ಟಿದ್ದೀರಿ ಎಂದು ಆ ಕಂಪನಿಯವರಾದರೂ ನಿಮಗೆ ಹೇಳಬೇಕಿತ್ತು. ಹೇಳಲಿಲ್ಲ. ಅವರ ಕುರ್ಚಿಗಳೆಲ್ಲ ಆ ದಿನ ಹೆಚ್ಚು ಬಾಡಿಗೆ ಕೊಡುವ ಮದುವೆಗಳಿಗೆ ಹೊರಟುಹೋದವು, ನಿಮ್ಮ ಮೈದಾನಕ್ಕೆ ಶಾಮಿಯಾನಾ ಮಾತ್ರ ಬಂತು. ಆಗ ನಿಮಗೆ ನನ್ನ ಕುರ್ಚಿಗಳು ನೆನಪಾದವು.

ಅದೇ ದಿನ ನನಗೊಂದು ಮದುವೆಯಿತ್ತು. ರಾಮಕ್ಕ ಎಂಬವರ ಮಗಳದು. ಗಂಡ ತೀರಿಕೊಂಡ ಮೇಲೆ ಚೆಂಡುಹೂ ಬೆಳೆದು, ಮಾರಿ, ಮಗಳು ಕಾರ್ತಿಕಾಳನ್ನು ನರ್ಸಿಂಗ್ ಓದಿಸಿದ ಹೆಂಗಸು. ಮಂಟಪದ ಬಾಡಿಗೆ ಕೊಡಲಾಗದೆ ಮನೆಯ ಮುಂದೆಯೇ ಚಪ್ಪರ ಹಾಕಿಸಿದ್ದರು. ಹುಡುಗ ಮೊರಪ್ಪೂರಿನವನು, ರವಿಶಂಕರ್. ಈ ಸಂಬಂಧವನ್ನು ತಾವೇ ಬಂದು ಕೇಳಿ ಕುದುರಿಸಿದವರು ಅವನ ದೊಡ್ಡಪ್ಪ ನಾರಪ್ಪನವರು, ಮೊರಪ್ಪೂರು ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆ ಮನೆಯಲ್ಲಿ ಅವರು ಹೇಳಿದ್ದೇ ಮಾತು. ರಾಮಕ್ಕ ನನಗೆ ಹೇಳಿದ್ದು ಇಷ್ಟೇ: “ಊವ ಕಮ್ಮಿ ಆದ್ರೂ ಆಗ್ಲಿ ಸುಗುಣಾ. ಗಂಡಿನ ಕಡೇವ್ರು ನಿಂತ್ಕೊಂಡಿರಂಗ್ ಆಗ್ಬಾರ್ದು. ನಮ್ ನಾರಪ್ಪಣ್ಣಂಗೆ ಮಂಡಿ ನೋವು ಐತೆ.”

ಬೆಳಿಗ್ಗೆ ನಾನು ಮಣೆಯ ಹಿಂದಿನ ಹೂವಿನ ಪರದೆ ಕಟ್ಟುತ್ತಿದ್ದೆ. ಜೀಪು ಬಂತು, ಹಿಂದೆ ಖಾಲಿ ಲಾರಿ ಬಂತು. ಜೀಪಿನಿಂದ ನಿಮ್ಮ ಸಹಾಯಕರು ಇಳಿದರು, ಜೊತೆಗೊಬ್ಬ ಪೊಲೀಸಪ್ಪ. ಮದುವೆಗೆ ಬಂದವರೆಂದು ತಿಳಿದು ಯಾರೋ ಅವರಿಗೆ ಪನ್ನೀರು ಚಿಮುಕಿಸಿದರು. ಪನ್ನೀರು ಒರೆಸಿಕೊಂಡು ನಿಮ್ಮ ಸಹಾಯಕರು, “ಅಮ್ಮಾ, ಕೊಂಜಂ ಅಡ್ಜಸ್ಟ್ ಪಣ್ಣುಂಗ, ದೊಡ್ಡವರು ಬರ್ತಾ ಇದ್ದಾರೆ, ಕುರ್ಚಿ ಬೇಕು” ಎಂದರು.

“ಯಾವ ದೊಡ್ಡೋರು ಸಾರ್? ಇಲ್ಲಿ ಮದ್ವೆ ಐತೆ, ಕಾಣಲ್ವಾ?” ಎಂದು ಪ್ರಭಾಕರ ಅಡ್ಡ ನಿಂತ.

“ಎರಡೇ ಗಂಟೆ ಸಾಕು ತಂಬಿ, ವಾಪಸ್ ಬಂದುಬಿಡುತ್ತೆ. ನಿಮ್ಮ ಅಕ್ಕನ ಶೆಡ್ಡಿನ ಲೈಸೆನ್ಸು ನಮ್ಮ ಟೇಬಲ್ ಮೇಲೆಯೇ ಇದೆಯಲ್ಲ!”

ನಾನು ಲಾರಿಯ ಮುಂದೆ ಹೋಗಿ ನಿಂತೆ. ಒಂದು ಕುರ್ಚಿಯನ್ನೂ ಕೊಡುವುದಿಲ್ಲ ಎಂದೆ. ಆಗ ಅವರು ನಿಮಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ನಿಮಗೆ ನೆನಪಿದೆಯೋ ಇಲ್ಲವೋ, ನೀವು ಬಹಳ ಮೃದುವಾಗಿ ಮಾತಾಡಿದಿರಿ. ಸಣ್ಣ ಉದ್ಯಮಿಗಳ ಭವಿಷ್ಯದ ವಿಷಯ, ಸಹಕಾರ ಕೊಡಬೇಕು ಎಂದಿರಿ. ಗಂಡಿನ ಕಡೆಯವರ ಬಸ್ಸು ಇನ್ನೇನು ಬರುತ್ತದೆ, ಬಂದವರನ್ನು ಎಲ್ಲಿ ಕೂರಿಸಲಿ ಸಾರ್ ಎಂದೆ. ನೀವು ತಮಿಳಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ಆಶೀರ್ವಾದ ನಿಂತುಕೊಂಡೂ ಮಾಡಬಹುದಲ್ಲಮ್ಮಾ?”

ನಾನು ಫೋನಿಗೆ ಉತ್ತರ ಕೊಡುತ್ತಿರುವಾಗಲೇ ಅತ್ತ ಕುರ್ಚಿಗಳು ಲಾರಿ ಹತ್ತುತ್ತಿದ್ದವು. ಪೊಲೀಸಪ್ಪ ಪ್ರಭಾಕರನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದುಕೊಂಡು ಹೋಗಿದ್ದ. ಕೂತಿದ್ದ ಮುದುಕಿಯರನ್ನು, “ಏಳಿ ಪಾಟೀ, ಏಳಿ” ಎಂದು ಎಬ್ಬಿಸಿ ಆ ಕುರ್ಚಿಗಳನ್ನೂ ಎತ್ತಿದರು. ಮದುಮಕ್ಕಳಿಗೆಂದು ತಂದಿದ್ದ ಚಿನ್ನದ ಬಣ್ಣದ ಜೋಡಿ ಸಿಂಹಾಸನವನ್ನೂ ಬಿಡಲಿಲ್ಲ. ರಾಮಕ್ಕ ಅರಿಸಿನ ಹಚ್ಚಿದ ಕೈಯಲ್ಲೇ ಓಡಿ ಬಂದು, “ಅಯ್ಯಾ, ಅದು ನನ್ ಮಗಳು ಕೂರೋದು” ಎಂದರು. ಯಾರೂ ತಿರುಗಿ ನೋಡಲಿಲ್ಲ.

ಬಸ್ಸು ಬರುವುದರೊಳಗೆ ಅರ್ಧ ಕುರ್ಚಿಯನ್ನಾದರೂ ತಿರುಗಿ ತರುತ್ತೇನೆ ಎಂದು ಪ್ರಭಾಕರನನ್ನು ಅಲ್ಲೇ ಬಿಟ್ಟು ನಾನು ಸ್ಕೂಟರಿನಲ್ಲಿ ನಿಮ್ಮ ಲಾರಿಯ ಹಿಂದೆ ಹೊರಟೆ. ಹೀಗೆ ನಿಮ್ಮ ಸಭೆಯನ್ನು ನೋಡುವ ಭಾಗ್ಯ ನನಗೆ ಒದಗಿತು.

ಎಂಥ ಸಭೆ! ಊಟ ಸಿಗುತ್ತದೆ ಎಂದು ವ್ಯಾನಿನಲ್ಲಿ ಕರೆತಂದ ಮಹಿಳಾ ಸಂಘದವರು ಮುಂದಿನ ನಾಲ್ಕು ಸಾಲಿನಲ್ಲಿ ಕೂತಿದ್ದರು. ಹಿಂದಿನ ಸಾಲುಗಳಲ್ಲಿ, ರಾಮಕ್ಕನ ಮನೆಯ ಮುಂದೆ ಇರಬೇಕಾಗಿದ್ದ ನನ್ನ ಕುರ್ಚಿಗಳು ಬಿಳಿ ಬಟ್ಟೆ ತೊಟ್ಟು ಖಾಲಿ ಕೂತಿದ್ದವು. ವೇದಿಕೆಯ ಮೇಲಿನ ಸಿಂಹಾಸನವೂ ಖಾಲಿ. ದೊಡ್ಡವರು ಬರುವುದಿಲ್ಲ ಎಂದು ಆಗಲೇ ಫೋನು ಬಂದಿತ್ತಂತೆ. ಕೋಟು ತೊಟ್ಟ ಒಬ್ಬರು ಪರದೆಯ ಮೇಲೆ ಚಿತ್ರ ತೋರಿಸುತ್ತ, ಗಿರಾಕಿಯ ತೃಪ್ತಿಯೇ ಈ ಉದ್ಯಮದ ಬಂಡವಾಳ ಎಂದು ವಿವರಿಸುತ್ತಿದ್ದರು. ನನ್ನ ಗಿರಾಕಿ ಕಂಬೈನಲ್ಲೂರಿನ ಕಡೆ ಅಳುತ್ತ ನಿಂತಿದ್ದರು.

ನಾನು ಹಿಂದಿನ ಸಾಲಿನ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದೆ. ನಿಮ್ಮ ಸಹಾಯಕರು ಓಡಿ ಬಂದು, “ತೊಡಾದೀಂಗಮ್ಮಾ, ಮುಟ್ಟಬೇಡಿ, ಫೋಟೋ ಆಗಬೇಕು!” ಎಂದು ಪೇರಿಸಿದ್ದನ್ನು ಬಿಡಿಸಿ ಮತ್ತೆ ಸಾಲಾಗಿ ಇಟ್ಟರು. ಹಿಂದಿನಿಂದ ಫೋಟೋ ತೆಗೆದರೆ ಕುರ್ಚಿಯ ಬೆನ್ನು ಕಾಣುತ್ತದೆ, ಜನ ಇದ್ದಾರೋ ಇಲ್ಲವೋ ಕಾಣುವುದಿಲ್ಲ ಎಂಬ ವಿದ್ಯೆ ನನಗೆ ಅವತ್ತು ತಿಳಿಯಿತು. ನಮ್ಮ ಜಗಳ ನಡೆಯುತ್ತಿರುವಾಗಲೇ ಮೈಕಿನಲ್ಲಿ ನನ್ನ ಹೆಸರು ಕೇಳಿಸಿತು. ಸ್ಥಳೀಯ ಉದ್ಯಮಿ, ಸಭೆಗೆ ಸಹಕರಿಸಿದವರು, ವೇದಿಕೆಗೆ ಬರಬೇಕು ಎಂದು. ಕುರ್ಚಿ ಕೇಳಲು ಅದೇ ಸಮಯ ಎಂದು ಹತ್ತಿದೆ. ನೀವು ನನಗೆ ಶಾಲು ಹೊದಿಸಿದಿರಿ. ನಾನು ಮೈಕು ಹಿಡಿದು, “ನನ್ನ ಕುರ್ಚಿ ವಾಪಸ್ ಕೊಡಿ, ಅಲ್ಲಿ ಮದುವೆ ನಿಂತಿದೆ” ಎಂದೆ. ಸಂಘದ ಹೆಂಗಸರು ನಕ್ಕರು. ನೀವು ಮೈಕು ತೆಗೆದುಕೊಂಡು, “ನೋಡಿ, ತಮ್ಮ ವಸ್ತುವಿನ ಮೇಲೆ ಎಷ್ಟು ಶ್ರದ್ಧೆ! ಉದ್ಯಮಿ ಎಂದರೆ ಹೀಗಿರಬೇಕು” ಎಂದಿರಿ. ಚಪ್ಪಾಳೆ ಬಿತ್ತು. ಫೋಟೋದವನು “ಸಿರಿಂಗಮ್ಮಾ” ಎಂದ. ಎಷ್ಟೋ ಮದುವೆಗಳಲ್ಲಿ ಫೋಟೋದವರು ಹೀಗೆ ನಗಿ ಎನ್ನುವುದನ್ನು ಕೇಳಿ ಪಳಗಿದ ಮುಖ ನನ್ನದು. ನನಗೇ ಗೊತ್ತಾಗದಂತೆ ಅದು ನಕ್ಕುಬಿಟ್ಟಿತು.

ಕುರ್ಚಿಗಳು ನನ್ನ ಕೈಗೆ ಬಂದದ್ದು ನಿಮ್ಮವರ ಊಟ ಮುಗಿದ ಮೇಲೆ. ಅಷ್ಟರಲ್ಲಿ ಮದುವೆಯೂ ಮುಗಿದಿತ್ತು. ಅಲ್ಲಿ ನಡೆದದ್ದನ್ನು ಪ್ರಭಾಕರ ಹೇಳಿದಂತೆ ಬರೆಯುತ್ತೇನೆ.

ಲಾರಿ ಹೋದ ಮೇಲೆ ಅವನು ಮನೆಮನೆಗೂ ಓಡಿ ಜಮಖಾನ, ಚಾಪೆ ತಂದು ಹಾಸಿದ. ಅಕ್ಕಪಕ್ಕದವರ ಮನೆಗಳಲ್ಲಿದ್ದ ಹಳೆಯ ಪ್ಲಾಸ್ಟಿಕ್ ಕುರ್ಚಿಗಳು ಕೆಲವು ಸಿಕ್ಕವು. ಬಸ್ಸಿಳಿದ ಹೆಂಗಸರು, ಮಕ್ಕಳು ಅವುಗಳಲ್ಲಿ ಕೂತರು. ಬೀಗರ ಕಡೆಯ ಹೆಚ್ಚಿನವರು ಏನೂ ಅನ್ನದೆ ಚಾಪೆಯ ಮೇಲೆ ಕೂತರು. ನಾರಪ್ಪನವರು ಕೋಲು ಊರಿಕೊಂಡು ಕೊನೆಗೆ ಇಳಿದರು. ಮಂಡಿ ಮಡಿಸಲು ಆಗುವುದಿಲ್ಲ, ನಿಂತೇ ಇದ್ದರು. ಪ್ರಭಾಕರ ಒಂದು ಮನೆಯ ಹಿತ್ತಿಲಿನಿಂದ ಕುರ್ಚಿ ಹೊತ್ತು ತಂದ. ಅದರ ಒಂದು ಕೈ ಮುರಿದು ಹಗ್ಗ ಸುತ್ತಿತ್ತು. ಹೆಗಲ ಮೇಲಿನ ಟವೆಲಿನಿಂದ ಒರೆಸಿ ಮುಂದಿಟ್ಟ.

ನಾರಪ್ಪನವರು ಕುರ್ಚಿಯನ್ನು ನೋಡಿದರು. “ಇದ್ರಾಗ್ ಕೂತ್ಕೋ ಅಂತೀಯಾ?”

“ಮಾವಾ, ಆಫೀಸ್‌ನೋರು ಬಂದು ಕುರ್ಚಿ ಎಲ್ಲಾ ಎತ್ಕೊಂಡೋದ್ರು. ಅಕ್ಕ ತರಾಕೆ ಓಗವ್ಳೆ” ಎಂದ ಪ್ರಭಾಕರ.

“ಸುಳ್ಳೇಳಕ್ಕೂ ಒಂದ್ ಅಳತೆ ಬೇಕಲಾ” ಎಂದರು ಅವರು. ಆಮೇಲೆ ರಾಮಕ್ಕನ ಕಡೆ ತಿರುಗಿ, ದನಿ ಏರಿಸದೆ ಹೇಳಿದರಂತೆ: “ನಾನು ಒಡವೆ ಕೇಳ್ದೆನಾ ತಾಯೀ? ಗಾಡಿ ಕೇಳ್ದೆನಾ? ಬಂದೋರ್‌ನ ಒಂದ್ ಕಡೆ ಕೂರ್ಸೋ ಮರ್ಯಾದೆ, ಅದೂ ಇಲ್ವಾ?”

ಹೋಗಿ ಬಸ್ಸಿನೊಳಗೆ ಕೂತುಬಿಟ್ಟರು. ರಾಮಕ್ಕ ಕಿಟಕಿಯ ಕೆಳಗೆ ನಿಂತು ಕೈಮುಗಿದರು. ರವಿಶಂಕರ್ ಎರಡು ಸಲ ಎದ್ದು ಹೋಗಿ ಕರೆದ. ಮಣೆಯ ಮೇಲೆ ಕೂತಿದ್ದ ಕಾರ್ತಿಕಾ, “ನಾನೇ ಓಗಿ ಕರ್ಕೊಂಡ್ ಬತ್ತೀನಿ” ಎಂದು ಏಳಹೋದಳು. ಮುಹೂರ್ತ ಮೀರುತ್ತದೆ ಎಂದು ಹೆಂಗಸರು ಹಿಡಿದು ಕೂರಿಸಿದರು. ಸಂಬಂಧ ಕೂಡಿಸಿದವರು ಬಸ್ಸಿನಲ್ಲಿ, ತಾಳಿ ಕಟ್ಟುವವನ ಕಣ್ಣು ಬಸ್ಸಿನ ಕಡೆ. ಹಾಗೇ ಕೊರಳಿಗೆ ತಾಳಿ ಬಿತ್ತು. ನಾರಪ್ಪನವರು ಅಲ್ಲಿ ಒಂದು ಲೋಟ ನೀರನ್ನೂ ಕುಡಿಯದೆ ಊರಿಗೆ ಹೋದರು.

ಆಶೀರ್ವಾದ ನಿಂತುಕೊಂಡೂ ಮಾಡಬಹುದು ಎಂದಿರಲ್ಲ, ಮಾನ್ಯರೇ? ಆ ಆಶೀರ್ವಾದ ಆಗಲೇ ಇಲ್ಲ.

ವಾರ ಕಳೆದ ಮೇಲೆ ನಾನೇ ಮೊರಪ್ಪೂರಿಗೆ ಹೋದೆ. ಸಾಕ್ಷಿಗೆ ಇರಲಿ ಎಂದು, ನಿಮ್ಮ ಸಭೆಯ ಫೋಟೋ ಬಂದಿದ್ದ ಪೇಪರನ್ನು ಕೈಯಲ್ಲಿ ಹಿಡಿದಿದ್ದೆ. ನಾರಪ್ಪನವರು ಜಗಲಿಯ ಮೇಲಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಕೊನೆಯವರೆಗೂ ಕೇಳಿ, “ಗೌರ್ಮೆಂಟು ಬಂದು ಮದ್ವೆ ಮನೆ ಕುರ್ಚಿ ಎತ್ಕೊಂಡೋಯ್ತು ಅಂತೀಯಾ?” ಎಂದರು.

“ಊಂ ಮಾವಾ. ತಾಯಾಣೆಗೂ ನಿಜ.”

“ನೋಡಮ್ಮಾ, ನಾನೂ ಗೌರ್ಮೆಂಟ್ ಕೆಲ್ಸದಾಗೇ ತಲೆ ಬೆಳ್ಳಗ್ ಮಾಡ್ಕೊಂಡೋನು. ಅಲ್ಲಿ ಒಂದ್ ಲಾಂದ್ರ ಎತ್ಬೇಕಂದ್ರೂ ಸೈನ್ ಆಗ್ಬೇಕು. ಗೌರ್ಮೆಂಟ್ ಅಂಗೆಲ್ಲಾ ಮಾಡಲ್ಲ.”

ನಾನು ಪೇಪರ್ ಬಿಚ್ಚಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನೋಡಿ, ನನಗೇ ತಿರುಗಿ ಕೊಟ್ಟರು.

“ಇದ್ರಾಗೆ ನೀನು ಶಾಲ್ ಒದ್ಕೊಂಡು ನಗ್ತಾ ನಿಂತಿದ್ದೀಯಲ್ಲಮ್ಮಾ” ಎಂದರು.

ಗಿರಾಕಿಗಳ ಬಾಯಿಯಿಂದ ನಾನು ಎಂತೆಂಥ ಮಾತೋ ಕೇಳಿದ್ದೇನೆ, ಅಲ್ಲೇ ತಿರುಗಿ ಉತ್ತರವನ್ನೂ ಕೊಟ್ಟಿದ್ದೇನೆ. ಅವತ್ತು ಪೇಪರನ್ನು ಮಡಿಸಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಕಾರ್ತಿಕಾಳ ಮುಖ ನೋಡಲಾಗದೆ ಮೆಟ್ಟಿಲಿಳಿದು ಬಂದೆ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು, ಯಾಕೆಂದರೆ ಬೇಗ ಆಯಿತು. ಧರ್ಮಪುರಿಯಿಂದ ಮೇಟ್ಟೂರಿನವರೆಗೆ ನಮ್ಮ ಕನ್ನಡದ ಮನೆಗಳೆಲ್ಲ ಒಬ್ಬರಿಗೊಬ್ಬರು ನೆಂಟರು. ಸುಗುಣಾ ಮದುವೆಯ ಕುರ್ಚಿಯನ್ನು ಹೆಚ್ಚಿನ ಬಾಡಿಗೆಗೆ ಗೌರ್ಮೆಂಟಿಗೆ ಕೊಟ್ಟಳಂತೆ, ಮೇಲೆ ಸನ್ಮಾನವನ್ನೂ ಮಾಡಿಸಿಕೊಂಡಳಂತೆ ಎಂಬ ಸುದ್ದಿ ಎಲ್ಲ ಮನೆಗೂ ಹೋಯಿತು. ವೈಕಾಸಿ ತಿಂಗಳ ಮದುವೆಗಳಿಗೆ ಹೇಳಿದ್ದವರು ಒಬ್ಬೊಬ್ಬರಾಗಿ ಬೇರೆಯವರನ್ನು ನೋಡಿಕೊಂಡರು. ಯಾರೂ ಜಗಳವಾಡಲಿಲ್ಲ, ಫೋನು ಎತ್ತುವುದನ್ನು ನಿಲ್ಲಿಸಿದರು. ಹೂ ಕಟ್ಟುತ್ತಿದ್ದ ಸೆಲ್ವಿ, “ಎನ್ನಕ್ಕಾ ಪಣ್ಣೋದು, ಮಕ್ಕಳಿದ್ದಾರೆ” ಎಂದು ಸೇಲಂನ ದೊಡ್ಡ ಅಲಂಕಾರದವರ ಹತ್ತಿರ ಕೆಲಸಕ್ಕೆ ಸೇರಿದಳು. ಪ್ರಭಾಕರ ಟೊಮೆಟೊ ಮಂಡಿಗೆ ಬಾಡಿಗೆ ಓಡಿಸುತ್ತಿದ್ದಾನೆ. ಸಣ್ಣ ಉದ್ಯಮವೊಂದನ್ನು ಇಷ್ಟು ಕಡಿಮೆ ಖರ್ಚಿನಲ್ಲಿ, ಒಂದು ಶಾಲಿನಲ್ಲಿ ಮುಗಿಸಿದ ಸಾಧನೆಯನ್ನು ನಿಮ್ಮ ವಾರ್ಷಿಕ ವರದಿಯಲ್ಲಿ ಯಾವ ಕಲಮಿನ ಕೆಳಗೆ ಹಾಕುತ್ತೀರಿ? ‘ಫಲಾನುಭವಿಗಳು’ ಎಂಬ ಕಲಮಿನಲ್ಲೇ ಇರಬೇಕು, ಅಲ್ಲವೇ?

ನನ್ನ ಕಥೆ ಹಾಗಿರಲಿ. ಕಾರ್ತಿಕಾ ಈಗ ಬಸುರಿ. ಹೋದ ವಾರ ಫೋನು ಮಾಡಿದ್ದಳು. “ಅಕ್ಕಾ, ಊರ್‌ನೋರ್ಗೆಲ್ಲಾ ಬಿಪಿ ನೋಡ್ತೀನಿ, ಇಂಜೆಕ್ಷನ್ ಆಕ್ತೀನಿ. ದೊಡ್ಡ ಮಾವ ಮಾತ್ರ ಮಂಡಿಗೆ ಎಣ್ಣೆ ಅಚ್ಚಕ್ಕೂ ಬಿಡಲ್ಲ. ನಾನಿಟ್ಟ ಕಾಪಿ ಆರ್ಕೊಂಡ್ ಓಗ್ತದೆ, ಅವ್ರು ಮುಟ್ಟಲ್ಲ. ಕೆಟ್ಟೋರಲ್ಲಕ್ಕಾ ಅವ್ರು. ಅವ್ರಿಗೆ ಭಾಳ ನೋವಾಗ್ಬುಟ್ಟೈತೆ.” ಶ್ರಾವಣದ ಹೊತ್ತಿಗೆ ಬರುವ ಆವಣಿಯಲ್ಲಿ ಅವಳಿಗೆ ಬಳೆ ತೊಡಿಸುವ ಶಾಸ್ತ್ರ ಇಟ್ಟಿದ್ದಾರೆ. ರಾಮಕ್ಕ ಅದಕ್ಕೆ ಆ ಮನೆಗೆ ಬರಬೇಕು, ಅವರು ಬಂದರೆ ನಾನು ಇರುವುದಿಲ್ಲ ಎನ್ನುತ್ತಿದ್ದಾರೆ ನಾರಪ್ಪನವರು. ಅವತ್ತು ಮತ್ತೆ ಎಲ್ಲಿಗಾದರೂ ಎದ್ದು ಹೋಗುತ್ತಾರಂತೆ.

ಈಗ ನನ್ನ ಬೇಡಿಕೆ. ಬಾಡಿಗೆ ಕೇಳುತ್ತಿಲ್ಲ, ಪರಿಹಾರವನ್ನೂ ಕೇಳುತ್ತಿಲ್ಲ. ಸಾಲ, ತರಬೇತಿ, ಪ್ರಶಸ್ತಿಗಳನ್ನು ದಯವಿಟ್ಟು ಕೊಡಲೇಬೇಡಿ. ನೀವು ಒಂದು ದಿನ ಮೊರಪ್ಪೂರಿಗೆ ಬರಬೇಕು. ಸಹಾಯಕರನ್ನು ಕಳಿಸುವಂತಿಲ್ಲ, ನೀವೇ ಬರಬೇಕು. ನಾರಪ್ಪನವರ ಜಗಲಿ ಹತ್ತಿ, ಕುರ್ಚಿ ತೆಗೆಸಿದ್ದು ನಾನು, ಆ ಹೆಂಗಸು ಬೇಡವೆಂದು ಅಡ್ಡ ನಿಂತಿದ್ದಳು, ಮದುವೆ ಮನೆಯವರದು ಏನೂ ತಪ್ಪಿಲ್ಲ ಎಂದು ನಿಮ್ಮ ಬಾಯಿಂದ ಹೇಳಬೇಕು. ತಮಿಳಿನಲ್ಲೇ ಹೇಳಿ, ಅವರಿಗೆ ಚೆನ್ನಾಗಿ ತಿಳಿಯುತ್ತದೆ. ನನ್ನ ಮಾತನ್ನು ಅವರು ನಂಬುವುದಿಲ್ಲ, ಪೇಪರನ್ನು ನಂಬಿ ನನ್ನನ್ನೇ ಸುಳ್ಳುಗಾತಿ ಮಾಡಿದರು. ಸರ್ಕಾರದವರು ಹೇಳಿದರೆ ನಂಬುತ್ತಾರೆ. ಅಂಥವರು ನಿಮಗೆ ಈ ಜಿಲ್ಲೆಯಲ್ಲಿ ಇನ್ನೆಷ್ಟು ಜನ ಸಿಕ್ಕಾರು?

ನಿಮಗೆ ಬಿಡುವಿಲ್ಲವೆಂದರೆ ಬೇಡ ಬಿಡಿ. ಸರ್ಕಾರ ಹಾಗೆಲ್ಲ ಮಾಡುವುದಿಲ್ಲ ಎಂದು ನಾರಪ್ಪನವರು ಇಟ್ಟುಕೊಂಡಿರುವ ಒಳ್ಳೆಯ ಅಭಿಪ್ರಾಯ ಹಾಗೆಯೇ ಭದ್ರವಾಗಿ ಉಳಿಯುತ್ತದೆ. ಹಾಳಾಗುವುದು ಒಂದು ಮನೆ ಮಾತ್ರ.

ಇಂತಿ,
ಆವಣಿಯ ಒಂದು ಮುಹೂರ್ತಕ್ಕೂ ಕರೆ ಬಾರದೆ, ಪತ್ರ ಬರೆಯಲು ಬೇಕಾದಷ್ಟು ಬಿಡುವಿರುವ
ಸುಗುಣಾ, ನಲ್ಲಂಪಳ್ಳಿ